ಡ್ಯೂಕನಿಗೆ ಕೊಟ್ಟ ಸಾಲ: ಮೆಡಿಚಿ ಬ್ಯಾಂಕಿನ ಬ್ರೂಜ್ ಶಾಖೆ ಮುಳುಗಿದ ಬಗೆ

1455ರ ಜುಲೈನಲ್ಲಿ ಫ್ಲಾರೆನ್ಸ್‌ನ ಮೆಡಿಚಿ ಮನೆತನ ತನ್ನ ಬ್ಯಾಂಕಿನ ಬ್ರೂಜ್ (ಈಗಿನ ಬೆಲ್ಜಿಯಂನ ಊರು) ಶಾಖೆಗೆ ಹೊಸ ಪಾಲುದಾರಿಕೆ ಪತ್ರ ಬರೆಸಿತು. ಶಾಖೆ ನಡೆಸುವ ಪಾಲುದಾರನ ಹೆಸರು ಆಂಜೆಲೊ ತಾನಿ. ಆ ಪತ್ರದ ಒಕ್ಕಣೆ ಇವತ್ತಿಗೂ ಉಳಿದಿದೆ. ಒಟ್ಟು ಬಂಡವಾಳ 3,000 ಗ್ರೋಟ್ ಪೌಂಡು (ಗ್ರೋಟ್ ಆ ಸೀಮೆಯ ನಾಣ್ಯ, ಪೌಂಡು ಅದರ ಲೆಕ್ಕದ ದೊಡ್ಡ ಅಳತೆ). ಅದರಲ್ಲಿ ತಾನಿ ಹಾಕಿದ್ದು 500. ಆದರೆ ದುಡಿಯುವವನು ಅವನೇ ಆದ್ದರಿಂದ ಲಾಭದಲ್ಲಿ ಐದನೇ ಒಂದು ಪಾಲು ಅವನಿಗೆ. ಅಷ್ಟಾದ ಮೇಲೆ ಷರತ್ತುಗಳು. ಜೂಜಾಡಬಾರದು. ಮನೆಯಲ್ಲಿ ಹೆಂಗಸನ್ನು ಇಟ್ಟುಕೊಳ್ಳಬಾರದು. ಸ್ವಂತಕ್ಕೆ ಬೇರೆ ವ್ಯಾಪಾರ ಮಾಡಬಾರದು. ಸಾಲ ಕೊಡುವುದಿದ್ದರೆ ವ್ಯಾಪಾರಿಗಳಿಗೆ, ಕಸುಬಿನ ಯಜಮಾನರಿಗೆ ಮಾತ್ರ. ದೊರೆಗಳಿಗೂ ಚರ್ಚಿನ ದೊಡ್ಡವರಿಗೂ ಫ್ಲಾರೆನ್ಸ್‌ನ ಲಿಖಿತ ಒಪ್ಪಿಗೆ ಇಲ್ಲದೆ ಕೊಡುವಂತಿಲ್ಲ.

1477ರ ಜನವರಿ 5ರಂದು ನಾನ್ಸಿ ಪಟ್ಟಣದ ಹೊರಗೆ, ಚಳಿಗಾಲದ ಯುದ್ಧದಲ್ಲಿ, ಬ್ರೂಜ್ ಸೀಮೆಯನ್ನೂ ಆಳುತ್ತಿದ್ದ ಬರ್ಗಂಡಿಯ ಡ್ಯೂಕ್ ಚಾರ್ಲ್ಸ್ ಸತ್ತ. ಅವನು ಬ್ರೂಜ್ ಶಾಖೆಗೆ ಕೊಡಬೇಕಾಗಿದ್ದ ಬಾಕಿ ಸುಮಾರು 9,500 ಗ್ರೋಟ್ ಪೌಂಡು. ಶಾಖೆಯ ಬಂಡವಾಳದ ಮೂರು ಪಟ್ಟು!

1455ರಿಂದ 1477ರವರೆಗಿನ ಈ ಇಪ್ಪತ್ತೆರಡು ವರ್ಷದಲ್ಲಿ ಏನಾಯಿತು ಅನ್ನುವುದೇ ಈ ಪ್ರಕರಣ. ಇದನ್ನು ಸಾಮಾನ್ಯವಾಗಿ ತೊಮ್ಮಾಸೊ ಪೋರ್ತಿನಾರಿ ಎಂಬ ಒಬ್ಬ ಆಡಂಬರದ ಮ್ಯಾನೇಜರನ ಕಥೆಯಾಗಿ ಹೇಳುತ್ತಾರೆ. ಅವನ ತಪ್ಪು ಸಣ್ಣದಲ್ಲ. ಆದರೆ ಅವನೊಬ್ಬನ ತಲೆಗೆ ಕಟ್ಟಿದರೆ ಕಥೆಯ ಅರ್ಧ ಭಾಗ ಬಿಟ್ಟುಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಒಂದು ಹೆಸರು, ಹಲವು ಅಂಗಡಿ

ಮೆಡಿಚಿ ಬ್ಯಾಂಕನ್ನು 1397ರಲ್ಲಿ ಜೊವಾನ್ನಿ ದಿ ಬಿಚ್ಚಿ ಫ್ಲಾರೆನ್ಸ್‌ನಲ್ಲಿ ಶುರು ಮಾಡಿದ. ಮಗ ಕೊಸಿಮೊ ಅದನ್ನು ಬೆಳೆಸಿದ. ರೋಮ್, ವೆನಿಸ್, ಜಿನೀವಾ, ಮಿಲಾನ್, ಅವಿನ್ಯೋನ್, ಲಂಡನ್ ಹೀಗೆ ಶಾಖೆಗಳಾದವು. ಬ್ರೂಜ್ ಶಾಖೆ 1439ರಲ್ಲಿ ತೆರೆಯಿತು.

ಅವರ ಕಣ್ಣ ಮುಂದೆ ಒಂದು ಹಳೆಯ ಅನಾಹುತದ ನೆನಪಿತ್ತು. ನೂರು ವರ್ಷದ ಹಿಂದೆ ಫ್ಲಾರೆನ್ಸ್‌ನ ಬಾರ್ದಿ ಮತ್ತು ಪೆರುತ್ಸಿ ಎಂಬ ದೊಡ್ಡ ಮನೆತನಗಳು ಇಂಗ್ಲೆಂಡಿನ ಮೂರನೇ ಎಡ್ವರ್ಡನಿಗೆ ಯುದ್ಧಕ್ಕೆ ಸಾಲ ಕೊಟ್ಟಿದ್ದವು. 1343ರಲ್ಲಿ ಪೆರುತ್ಸಿ ಬಿದ್ದಿತು, 1346ರಲ್ಲಿ ಬಾರ್ದಿ. ಆ ಮನೆತನಗಳಲ್ಲಿ ಇಡೀ ವ್ಯವಹಾರ ಒಂದೇ ಸಂಸ್ಥೆಯಾಗಿತ್ತು. ಒಂದು ಕಡೆ ಬೆಂಕಿ ಬಿದ್ದರೆ ಇಡೀ ಮನೆಗೇ ಹತ್ತುತ್ತಿತ್ತು.

ಮೆಡಿಚಿಗಳು ಬೇರೆ ದಾರಿ ಹಿಡಿದರು. ಪ್ರತಿ ಶಾಖೆಯೂ ಒಂದು ಬೇರೆಯೇ ಪಾಲುದಾರಿಕೆ. ಬಂಡವಾಳ ಬೇರೆ, ಲೆಕ್ಕದ ಪುಸ್ತಕ ಬೇರೆ, ಪಾಲುದಾರ ಬೇರೆ. ಎಲ್ಲದರಲ್ಲೂ ದೊಡ್ಡ ಪಾಲು ಮಾತ್ರ ಮೆಡಿಚಿಗಳದು. ಇದು ಬರೀ ಕಾಗದದ ಮಾತಾಗಿರಲಿಲ್ಲ. 1455ರಲ್ಲೇ ಮಿಲಾನಿನ ದಮಿಯಾನೊ ರುಫ್ಫೀನಿ ಎಂಬ ವ್ಯಾಪಾರಿ ಬ್ರೂಜ್ ಶಾಖೆಯ ಮೇಲೆ ದಾವೆ ಹಾಕಿದ. ಒಂಬತ್ತು ಮೂಟೆ ಉಣ್ಣೆ ಸರಿಯಾಗಿ ಕಟ್ಟಿರಲಿಲ್ಲ, ಮಾಲು ಹಾಳಾಗಿದೆ ಅನ್ನುವುದು ಅವನ ದೂರು. ಶಾಖೆಯ ಪರವಾಗಿ ನ್ಯಾಯಾಲಯಕ್ಕೆ ಬಂದವನು ಆಗಿನ್ನೂ ನೌಕರನಾಗಿದ್ದ ತೊಮ್ಮಾಸೊ ಪೋರ್ತಿನಾರಿ. ಆ ಮಾಲು ಮಾರಿದ್ದು ಲಂಡನ್ ಶಾಖೆ, ನಾವಲ್ಲ, ಎರಡೂ ಬೇರೆ ಬೇರೆ ಸಂಸ್ಥೆ ಅಂತ ಅವನು ವಾದಿಸಿದ. ಬ್ರೂಜ್ ನಗರದ ನ್ಯಾಯಾಲಯ ಒಪ್ಪಿತು. ರುಫ್ಫೀನಿಗೆ ಲಂಡನ್ ಶಾಖೆಯ ಮೇಲೆ ದಾವೆ ಹೂಡಲು ಹೇಳಿತು.

ಈ ದಾವೆಯನ್ನು ನೆನಪಿಟ್ಟುಕೊಳ್ಳಿ. ಲಂಡನ್ ಬೇರೆ, ಬ್ರೂಜ್ ಬೇರೆ ಅಂತ ತೊಮ್ಮಾಸೊ ಅವತ್ತು ಎಳೆದು ತೋರಿಸಿದ ಗೆರೆ ಮುಂದೆ ಅವನ ಕಾಲದಲ್ಲೇ ಅಳಿಸಿಹೋಯಿತು.

ಬಡ್ಡಿ ಅನ್ನದೆ ಬಡ್ಡಿ ಪಡೆಯುವುದು

ಬ್ರೂಜ್‌ನಂಥ ಶಾಖೆ ದುಡ್ಡು ಮಾಡುತ್ತಿದ್ದದ್ದು ಹೇಗೆ? ಇದು ಗೊತ್ತಾಗದೆ ಮುಂದಿನದು ಅರ್ಥವಾಗುವುದಿಲ್ಲ.

ಚರ್ಚಿನ ಪ್ರಕಾರ ಸಾಲಕ್ಕೆ ಬಡ್ಡಿ ತೆಗೆದುಕೊಳ್ಳುವುದು ಪಾಪ. ಆದರೆ ಒಂದು ಊರಿನ ನಾಣ್ಯ ಕೊಟ್ಟು ಇನ್ನೊಂದು ಊರಿನಲ್ಲಿ ಬೇರೆ ನಾಣ್ಯ ಪಡೆಯುವುದು ಸಾಲವಲ್ಲ, ವಿನಿಮಯ. ಅದಕ್ಕೆ ಅಡ್ಡಿಯಿಲ್ಲ. ನಮ್ಮ ಕಡೆಯ ವರ್ತಕರು ಹುಂಡಿ ಬರೆಯುತ್ತಿದ್ದರಲ್ಲ, ಹೆಚ್ಚುಕಡಿಮೆ ಅಂಥದೇ ಚೀಟಿ ಅವರದೂ. ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ವೆನಿಸ್‌ನಲ್ಲಿ ಒಬ್ಬ 100 ಡುಕಾಟ್ (ಅಲ್ಲಿನ ಚಿನ್ನದ ನಾಣ್ಯ) ಕೊಟ್ಟು ಚೀಟಿ ಕೊಳ್ಳುತ್ತಾನೆ. ಅಲ್ಲಿ ಒಂದು ಡುಕಾಟಿಗೆ 52 ಗ್ರೋಟ್ ದರ. ಎರಡು ತಿಂಗಳಾದ ಮೇಲೆ ಬ್ರೂಜ್‌ನಲ್ಲಿ ಅವನ ಕಡೆಯವನಿಗೆ 5,200 ಗ್ರೋಟ್ ಸಿಗುತ್ತದೆ. ಬ್ರೂಜ್‌ನಲ್ಲಿ ದರ ಸ್ವಲ್ಪ ಕಡಿಮೆ, ಡುಕಾಟಿಗೆ 50. ಅದೇ 5,200 ಗ್ರೋಟನ್ನು ವೆನಿಸ್ ಕಡೆಗೆ ತಿರುಗಿಸಿದರೆ ಇನ್ನೆರಡು ತಿಂಗಳಿಗೆ 104 ಡುಕಾಟ್ ಆಗಿ ಬರುತ್ತದೆ. ನಾಲ್ಕು ತಿಂಗಳಿಗೆ ನಾಲ್ಕು ಡುಕಾಟ್ ಹೆಚ್ಚು. ಯಾರೂ ಬಡ್ಡಿ ಅನ್ನಲಿಲ್ಲ. ದರ ಏರುಪೇರಾದರೆ ನಷ್ಟವೂ ಆಗಬಹುದಿತ್ತು. ಆ ಅಪಾಯ ಇದ್ದದ್ದರಿಂದಲೇ ಚರ್ಚು ಇದನ್ನು ಸಹಿಸಿಕೊಂಡಿತು.

ಚೀಟಿ ಓಡಾಡಬೇಕಾದರೆ ಎರಡೂ ಕಡೆ ವ್ಯಾಪಾರ ಸರಿತೂಗಬೇಕು. ಕಷ್ಟ ಇದ್ದದ್ದು ಇಲ್ಲೇ. ಇಟಲಿಯಿಂದ ಬ್ರೂಜ್‌ಗೆ ರೇಷ್ಮೆ, ಜರತಾರಿ ಬಟ್ಟೆ, ಮಸಾಲೆ, ಬಟ್ಟೆಗೆ ಬಣ್ಣ ಹಿಡಿಸುವ ಪಟಿಕ ಹೋಗುತ್ತಿತ್ತು. ಬ್ರೂಜ್‌ನಿಂದ ವಾಪಸ್ ಕಳಿಸಲು ಅಷ್ಟು ಬೆಲೆಯ ಸರಕು ಇರಲಿಲ್ಲ. ಇಟಲಿಯವರಿಗೆ ನಿಜವಾಗಿ ಬೇಕಾಗಿದ್ದದ್ದು ಇಂಗ್ಲೆಂಡಿನ ಉಣ್ಣೆ. ಫ್ಲಾರೆನ್ಸ್‌ನ ಮಗ್ಗಗಳು ಅದನ್ನೇ ಕಾಯುತ್ತಿದ್ದವು. ಹಾಗಾಗಿ ಉತ್ತರದ ಶಾಖೆಗಳಲ್ಲಿ ದುಡ್ಡು ಕಟ್ಟಿಹಾಕಿದ ಹಾಗೆ ನಿಂತುಬಿಡುತ್ತಿತ್ತು. ಅದನ್ನು ಇಟಲಿಗೆ ತರಲು ಇದ್ದ ಒಳ್ಳೆಯ ದಾರಿ ಉಣ್ಣೆಯಾಗಿ ತರುವುದು.

ಉಣ್ಣೆ ಸಾಗಿಸಲು ಇಂಗ್ಲೆಂಡಿನ ರಾಜನ ಪರವಾನಗಿ ಬೇಕು. ಪರವಾನಗಿ ಕೊಡುವ ರಾಜ ಬದಲಿಗೆ ಸಾಲ ಕೇಳುತ್ತಾನೆ. ಸುಂಕದಲ್ಲಿ ಮುರಿದುಕೊಳ್ಳಿ ಅನ್ನುತ್ತಾನೆ. ಹಳೆಯ ಸಾಲ ವಸೂಲಾಗಬೇಕಾದರೆ ಹೊಸ ಪರವಾನಗಿ ಬೇಕು, ಹೊಸ ಪರವಾನಗಿಗೆ ಹೊಸ ಸಾಲ. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ‘ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ’ ಅನ್ನುವ ನಮ್ಮ ಮಾತು ರಾಜರ ಸಾಲಕ್ಕೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದುವುದಿಲ್ಲ.

ತೊಮ್ಮಾಸೊ

ತೊಮ್ಮಾಸೊ ಪೋರ್ತಿನಾರಿ ಹಳೆಯ ದೊಡ್ಡ ಮನೆತನದವನು. ದಾಂತೆಯ ಕಾವ್ಯದ ಬಿಯಾತ್ರಿಚೆಯ ತಂದೆ ಫೋಲ್ಕೊ ಪೋರ್ತಿನಾರಿ ಇವನ ಪೂರ್ವಜ. ಫ್ಲಾರೆನ್ಸ್‌ನ ಸಾಂತಾ ಮರಿಯಾ ನುವೊವಾ ಆಸ್ಪತ್ರೆ ಕಟ್ಟಿಸಿದವನು ಆ ಫೋಲ್ಕೊ. ತೊಮ್ಮಾಸೊನ ಅಪ್ಪನೂ ಮೆಡಿಚಿ ಬ್ಯಾಂಕಿನಲ್ಲೇ ಇದ್ದ. ಅವನು 1431ರಲ್ಲಿ ತೀರಿಹೋದ. ಆಮೇಲೆ ಗಂಡುಮಕ್ಕಳು ಬೆಳೆದದ್ದು ಕೊಸಿಮೊನ ಮನೆಯ ಆಸರೆಯಲ್ಲಿ. ಅಣ್ಣ ಪಿಜೆಲ್ಲೊ ಮಿಲಾನ್ ಶಾಖೆಯ ಮುಖ್ಯಸ್ಥನಾದ. ತೊಮ್ಮಾಸೊ ಹದಿಹರೆಯದಲ್ಲೇ ಬ್ರೂಜ್‌ಗೆ ಕೆಲಸದ ಹುಡುಗನಾಗಿ ಹೋದ.

ಅಲ್ಲಿ ಇಪ್ಪತ್ತೈದು ವರ್ಷ ದುಡಿದ. ಕೊಸಿಮೊ ಬದುಕಿರುವವರೆಗೂ ಅವನಿಗೆ ಮೇಲಿನ ಕುರ್ಚಿ ಸಿಗಲಿಲ್ಲ. 1464ರಲ್ಲಿ ಕೊಸಿಮೊ ತೀರಿಕೊಂಡ. ಮರುವರ್ಷ, ಮಗ ಪಿಯೆರೊನ ಕಾಲದಲ್ಲಿ, ತೊಮ್ಮಾಸೊ ಬ್ರೂಜ್ ಶಾಖೆಯ ಮುಖ್ಯಸ್ಥನಾದ. ತಾನಿ ಪಾಲುದಾರನಾಗಿ ಉಳಿದರೂ ಅಧಿಕಾರ ತೊಮ್ಮಾಸೊನ ಕೈಗೆ ಬಂತು.

ಆಮೇಲೆ ನಡೆದದ್ದನ್ನು ಒಂದೊಂದಾಗಿ ನೋಡಿದರೆ ಯಾವುದೂ ಹುಚ್ಚುತನ ಅನ್ನಿಸುವುದಿಲ್ಲ. ನನ್ನನ್ನು ಕಾಡುವುದು ಅದೇ. ಕ್ಯಾಲೇ ಕಡೆಯಿಂದ ಬರುವ ಇಂಗ್ಲಿಷ್ ಉಣ್ಣೆಗೆ ಗ್ರಾವ್ಲಿನ್ ಎಂಬಲ್ಲಿ ಡ್ಯೂಕನ ಸುಂಕದ ಕಟ್ಟೆ ಇತ್ತು. ಆ ಸುಂಕ ಎತ್ತುವ ಗುತ್ತಿಗೆಯನ್ನು ಶಾಖೆ ಹಿಡಿಯಿತು. ಆದಾಯ ಬರುತ್ತದೆ, ಡ್ಯೂಕನ ಪರಿಚಯವೂ ಆಗುತ್ತದೆ. 1466ರಲ್ಲಿ ಬ್ರೂಜ್‌ನ ನಾಲ್ಡನ್‌ಸ್ಟ್ರಾಟ್ ಬೀದಿಯಲ್ಲಿ ಬ್ಲಾಡಲಿನ್ ಎಂಬ ಭವನವನ್ನು ಶಾಖೆಗಾಗಿ ಕೊಂಡರು. ಡ್ಯೂಕನ ಖಜಾಂಚಿಯಾಗಿದ್ದವನು ಕಟ್ಟಿಸಿದ ಮನೆ. ದೊಡ್ಡವರು ಬಂದುಹೋಗುವ ಜಾಗ ಚೆನ್ನಾಗಿರಬೇಕು, ಅಲ್ವಾ? ಆ ಕಟ್ಟಡ ಈಗಲೂ ಇದೆ. ಲೊರೆಂಜೊ ಮೆಡಿಚಿ ಮತ್ತು ಅವನ ಹೆಂಡತಿ ಕ್ಲಾರಿಚೆಯ ಮುಖಗಳ ಕೆತ್ತನೆ ಅದರ ಗೋಡೆಯ ಮೇಲಿದೆ.

ಆಮೇಲೆ ಹಡಗುಗಳು. ತುರ್ಕರ ಮೇಲೆ ಧರ್ಮಯುದ್ಧಕ್ಕೆಂದು ಹಿಂದಿನ ಡ್ಯೂಕ್ ಫಿಲಿಪ್ ಕಟ್ಟಿಸಿದ್ದ ಎರಡು ಗ್ಯಾಲಿ ಹಡಗು ಕೆಲಸವಿಲ್ಲದೆ ನಿಂತಿದ್ದವು. ತೊಮ್ಮಾಸೊ ಅವನ್ನು ಸರಕು ಸಾಗಾಟಕ್ಕೆ ಹಿಡಿದ. ಅದೇ ಕಾಲಕ್ಕೆ ಮೆಡಿಚಿಗಳು ರೋಮಿನ ಹತ್ತಿರದ ತೋಲ್ಫಾ ಗಣಿಯ ಪಟಿಕ ಮಾರುವ ಒಪ್ಪಂದವನ್ನು ಪೋಪನಿಂದ ಪಡೆದಿದ್ದರು. ಆ ಪಟಿಕವನ್ನು ಉತ್ತರಕ್ಕೆ ತರಲು ಹಡಗು ಬೇಕೇ ಬೇಕು. ಆದರೆ ಪಿಯೆರೊಗೆ ಈ ಹಡಗಿನ ಗೋಜು ಹಿಡಿಸಲಿಲ್ಲ. ತೊಮ್ಮಾಸೊ ಅವನ್ನು ಬಿಡಲೂ ಇಲ್ಲ.

ಡ್ಯೂಕ್ ಫಿಲಿಪ್ 1467ರಲ್ಲಿ ಸತ್ತು ಮಗ ಚಾರ್ಲ್ಸ್ ಬಂದ. ಧೈರ್ಯವಂತ, ಯಾರ ಮಾತೂ ಕೇಳದವನು, ಸದಾ ಯುದ್ಧದಲ್ಲೇ ಇರುವವನು. ತೊಮ್ಮಾಸೊ ಅವನ ಸಲಹೆಗಾರರಲ್ಲಿ ಒಬ್ಬನಾದ. ಇಲ್ಲಿ ಒಂದು ಗೆರೆ ದಾಟಿತು ಅಂತ ನನ್ನ ಎಣಿಕೆ. ಒಬ್ಬನೇ ಮನುಷ್ಯ ಸಾಲ ಕೊಡುವವನ ಕಡೆಯಲ್ಲೂ ಸಾಲ ಕೇಳುವವನ ಕಡೆಯಲ್ಲೂ ಕೂತ ಮೇಲೆ ಬೇಡ ಅನ್ನುವವರು ಯಾರು? ಬರ್ಗಂಡಿ ಮತ್ತು ಇಂಗ್ಲೆಂಡಿನ ದೊರೆಗಳ ನಡುವಿನ ವ್ಯವಹಾರಕ್ಕೆ ತೊಮ್ಮಾಸೊ ಒಮ್ಮೆ 50,000, ಇನ್ನೊಮ್ಮೆ 80,000 ಎಕ್ಯು (ಫ್ರಾನ್ಸಿನ ಚಿನ್ನದ ನಾಣ್ಯ) ಜಾಮೀನು ನಿಂತದ್ದನ್ನು ಆ ಕಾಲದ ರಾಜತಂತ್ರಜ್ಞ ಫಿಲಿಪ್ ದ ಕೊಮಿನ್ ಬರೆದಿಟ್ಟಿದ್ದಾನೆ. ಮೆಡಿಚಿ ಅನ್ನುವ ಹೆಸರಿಗೆ ಇದ್ದ ನಂಬಿಕೆ ಕಂಡು ಅವನಿಗೆ ಬೆರಗು. ವ್ಯಾಪಾರಿಗಳು ಹೀಗೆ ಮಾಡುವುದು ಸರಿಯಲ್ಲ ಅನ್ನುವುದೂ ಅವನ ಅಭಿಪ್ರಾಯ.

ಲಂಡನ್ನಿನ ಹೊರೆ

ಈ ನಡುವೆ ಲಂಡನ್ ಶಾಖೆ ಕುಸಿಯುತ್ತಿತ್ತು. ಅಲ್ಲಿನ ಮುಖ್ಯಸ್ಥ ಗೆರಾರ್ದೊ ಕನಿಜಾನಿ ನಾಲ್ಕನೇ ಎಡ್ವರ್ಡನಿಗೂ ಅವನ ಸುತ್ತಲಿನ ಶ್ರೀಮಂತರಿಗೂ ಸಾಲ ಕೊಡುತ್ತಾ ಹೋದ. 1468ರ ಶುರುವಿನಲ್ಲಿ ಆಂಜೆಲೊ ತಾನಿಯನ್ನೇ ಲಂಡನ್ನಿಗೆ ಕಳಿಸಿ ರಿಪೇರಿ ಮಾಡಿಸಲು ನೋಡಿದರು. ತಾನಿ ಸ್ವಲ್ಪ ಸರಿ ಮಾಡಿದ. ಅಷ್ಟರಲ್ಲಿ ಇಂಗ್ಲೆಂಡಿನ ಒಳಯುದ್ಧ ಮತ್ತೆ ಹೊತ್ತಿಕೊಂಡಿತು. 1470ರಲ್ಲಿ ಎಡ್ವರ್ಡ್ ಓಡಿಹೋಗಿ, ಮರುವರ್ಷ ಗೆದ್ದು ವಾಪಸ್ ಬಂದ. ಸೋತ ಪಕ್ಷದಲ್ಲಿದ್ದ ಸಾಲಗಾರರು ಯುದ್ಧಭೂಮಿಯಲ್ಲಿ ಸತ್ತರು, ಸಾಲವೂ ಅವರ ಜೊತೆ ಹೋಯಿತು.

ಕಡೆಗೆ ಲಂಡನ್ನಿನ ಬಾಕಿಗಳನ್ನು ಬ್ರೂಜ್ ಶಾಖೆಯ ಲೆಕ್ಕಕ್ಕೆ ಸೇರಿಸಿದರು. 1455ರ ನ್ಯಾಯಾಲಯದಲ್ಲಿ ಬೇರೆ ಬೇರೆಯಾಗಿದ್ದ ಎರಡು ಅಂಗಡಿ ಈಗ ನಷ್ಟದ ವಿಷಯಕ್ಕೆ ಒಂದಾದವು. ಯಾರದೋ ಪಾಪವನ್ನು ನನ್ನ ಮೇಲೆ ಹೊರಿಸುತ್ತಿದ್ದೀರಿ ಅಂತ ತೊಮ್ಮಾಸೊ ಆಮೇಲೆ ಗೊಣಗಿದ. ಈ ಒಂದು ವಿಷಯದಲ್ಲಿ ಅವನ ಮಾತು ಸುಳ್ಳಲ್ಲ. ಶಾಖೆಗಳನ್ನು ಬೇರೆ ಇಟ್ಟಿದ್ದರ ಉದ್ದೇಶವೇ ಬೆಂಕಿ ಹರಡದಿರಲಿ ಅನ್ನುವುದು. ಬೇಕಾದಾಗ ಆ ಗೋಡೆಯನ್ನು ಕೆಡವಿದವರು ಫ್ಲಾರೆನ್ಸ್‌ನವರು.

1473ರಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಮೊದಲನೆಯದು ಸಮುದ್ರದಲ್ಲಿ. ಏಪ್ರಿಲ್‌ನಲ್ಲಿ ಎರಡೂ ಗ್ಯಾಲಿಗಳು ಇಂಗ್ಲೆಂಡಿನ ಕಡೆ ಹೊರಟವು. ಬರ್ಗಂಡಿಯ ಬಾವುಟ ಹಾರಿಸಿದ್ದವು. ಇಂಗ್ಲೆಂಡಿನ ಮೇಲೆ ಯುದ್ಧದಲ್ಲಿದ್ದ ಹಾನ್ಸಾ ಎಂಬ ಉತ್ತರ ಜರ್ಮನಿ ಕಡೆಯ ವ್ಯಾಪಾರಿ ಒಕ್ಕೂಟದ ಪಟ್ಟಣಗಳ ಪರ, ಡಾನ್‌ಜಿಗ್‌ನ ಪಾಲ್ ಬೆನೆಕೆ ಅವುಗಳ ಮೇಲೆ ಬಿದ್ದ. ಸಾನ್ ಜೊರ್ಜೊ ತಪ್ಪಿಸಿಕೊಂಡು ಸೌತಾಂಪ್ಟನ್ ಸೇರಿತು. ಸಾನ್ ಮತ್ತೇವೊ ಸಿಕ್ಕಿಬಿತ್ತು. ಅದರಲ್ಲಿ ಪಟಿಕ, ರೇಷ್ಮೆ, ಜರತಾರಿ ಬಟ್ಟೆ ಇತ್ತು. ಜೊತೆಗೆ ಆಂಜೆಲೊ ತಾನಿ ಹಾನ್ಸ್ ಮೆಮ್ಲಿಂಗ್‌ನಿಂದ ಬರೆಸಿದ್ದ ಕೊನೆಯ ತೀರ್ಪಿನ ದೊಡ್ಡ ಚಿತ್ರ. ಮೈಕೆಲ್ ದೇವದೂತ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುವ ಚಿತ್ರ ಅದು. ಫ್ಲಾರೆನ್ಸ್‌ಗೆ ಹೋಗಬೇಕಾದದ್ದು ಡಾನ್‌ಜಿಗ್‌ನ ಮೇರಿ ಚರ್ಚಿಗೆ ಹೋಯಿತು. ಈಗ ಆ ಊರಿನ ಹೆಸರು ಗ್ದಾನ್ಸ್ಕ್, ಚಿತ್ರ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಪರಿಹಾರ ಕೇಳಿ ತೊಮ್ಮಾಸೊ ಇಪ್ಪತ್ತಕ್ಕೂ ಹೆಚ್ಚು ವರ್ಷ ಓಡಾಡಿದ.

ಎರಡನೆಯದು ಕಾಗದದಲ್ಲಿ. ಸದ್ದಿಲ್ಲದ ಪೆಟ್ಟು. ಪಿಯೆರೊ 1469ರಲ್ಲಿ ತೀರಿಹೋಗಿ ಇಪ್ಪತ್ತು ವರ್ಷದ ಲೊರೆಂಜೊ ಯಜಮಾನನಾಗಿದ್ದ. ಅವನ ಕಾಲದ ಪಾಲುದಾರಿಕೆ ಪತ್ರದಲ್ಲಿ ಡ್ಯೂಕನಿಗೆ ಸಾಲ ಕೊಡಲು ಒಪ್ಪಿಗೆ ಸಿಕ್ಕಿತು. ಮಿತಿ 6,000 ಗ್ರೋಟ್ ಪೌಂಡು.

ಈ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಮೂಲ ಬಂಡವಾಳ 3,000. ಒಬ್ಬನೇ ಗಿರಾಕಿಗೆ ಅದರ ಎರಡು ಪಟ್ಟು ಕೊಡಬಹುದು ಅಂತ ಯಜಮಾನನೇ ಸಹಿ ಹಾಕಿದ್ದಾನೆ! ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಶಾಖೆಯಲ್ಲಿ ಠೇವಣಿ ಇಟ್ಟವರಿಂದ, ಬೇರೆ ಶಾಖೆಗಳಿಂದ, ವಿನಿಮಯ ಪೇಟೆಯಲ್ಲಿ ಎತ್ತಿದ ಸಾಲದಿಂದ. ಅವರಿಗೆಲ್ಲ ಹೊತ್ತಿಗೆ ಸರಿಯಾಗಿ ಕೊಡಬೇಕು. ಡ್ಯೂಕ್ ಮಾತ್ರ ತನಗೆ ಬೇಕಾದಾಗ ಕೊಡುತ್ತಾನೆ. ಹೀಗಿರುವಾಗ ತೊಮ್ಮಾಸೊ ಆ ಮಿತಿಯನ್ನೂ ದಾಟಿದ. ಚಾರ್ಲ್ಸ್ 1474ರಲ್ಲಿ ನೊಯ್ಸ್ ಪಟ್ಟಣಕ್ಕೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತ. 1476ರಲ್ಲಿ ಸ್ವಿಸ್ ಸೈನ್ಯದ ಕೈಲಿ ಗ್ರಾನ್ಸೋನ್‌ನಲ್ಲಿ ಸೋತ, ಮೊರಾದಲ್ಲಿ ಮತ್ತೆ ಸೋತ. ಸೋತಾಗೆಲ್ಲ ಹೊಸ ಸೈನ್ಯ, ಹೊಸ ಸಾಲ. ಕೊನೆಗೆ ನಾನ್ಸಿ.

ಅವನ ಮಗಳು ಮೇರಿ ಅದೇ ವರ್ಷ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್‌ನನ್ನು ಮದುವೆಯಾದಳು. ತೊಮ್ಮಾಸೊ ಅವರಿಗೂ ಸಾಲ ಕೊಟ್ಟ. ಕೊಡದೆ ಇದ್ದರೆ ಅಪ್ಪನ ಬಾಕಿ ಮುಳುಗಿತು ಅಂತ ಒಪ್ಪಿಕೊಂಡ ಹಾಗೆ. ಸಾಲದ ಫೈಲು ನೋಡಿದ ಯಾರಿಗಾದರೂ ಈ ಘಟ್ಟ ಗೊತ್ತು. ಮುಳುಗಿದ್ದನ್ನು ಎತ್ತಲು ಇನ್ನಷ್ಟು ಹಾಕುವುದು.

ಲೆಕ್ಕ ನೋಡಬೇಕಾಗಿದ್ದವರು

ಪ್ರತಿ ಶಾಖೆಯೂ ವರ್ಷಕ್ಕೊಮ್ಮೆ ಲೆಕ್ಕ ತಾಳೆ ಮಾಡಿ ಫ್ಲಾರೆನ್ಸ್‌ಗೆ ಕಳಿಸಬೇಕಿತ್ತು. ಅಲ್ಲಿ ಪ್ರಧಾನ ವ್ಯವಸ್ಥಾಪಕ ಒಂದೊಂದು ಬಾಕಿಯನ್ನೂ ನೋಡಿ, ಇದು ಬರುವ ಸಾಲವೋ ಬಾರದ ಸಾಲವೋ ಅಂತ ಕೇಳಬೇಕು. ಕೊಸಿಮೊನ ಕಾಲದಲ್ಲಿ ಜೊವಾನ್ನಿ ಬೆಂಚಿ ಎಂಬವನು ಈ ಕೆಲಸವನ್ನು 1455ರಲ್ಲಿ ಸಾಯುವವರೆಗೂ ಕಟ್ಟುನಿಟ್ಟಾಗಿ ಮಾಡಿದ. ಬ್ಯಾಂಕಿನ ಒಳ್ಳೆಯ ದಿನಗಳು ಅವನವೇ.

ಲೊರೆಂಜೊನ ಕಾಲದಲ್ಲಿ ಆ ಜಾಗದಲ್ಲಿದ್ದವನು ಫ್ರಾಂಚೆಸ್ಕೊ ಸಸ್ಸೆಟ್ಟಿ. ಜಿನೀವಾದಲ್ಲಿ ಒಳ್ಳೆಯ ಕೆಲಸ ಮಾಡಿ ಮೇಲೆ ಬಂದವನು. ಆದರೆ ದೂರದ ಶಾಖೆಗಳ ಮೇಲೆ ಅವನ ಹಿಡಿತ ಸಡಿಲವಾಯಿತು. ಎದುರು ಹಾಕಿಕೊಳ್ಳುವ ಸ್ವಭಾವ ಅವನದಲ್ಲ. ಮುಂದೆ ಲಿಯೋನ್ ಶಾಖೆಯಲ್ಲೂ ಇಂಥದೇ ಆಯಿತು. ಅಲ್ಲಿನ ಮುಖ್ಯಸ್ಥನನ್ನು 1485ರಲ್ಲಿ ಫ್ಲಾರೆನ್ಸ್‌ಗೆ ಕರೆಸಿ ಬಂಧಿಸಬೇಕಾಯಿತು. ಎರಡು ಶಾಖೆಯಲ್ಲಿ ಒಂದೇ ರೋಗ ಕಂಡರೆ ಅದರ ಬೇರು ಶಾಖೆಯಲ್ಲಿಲ್ಲ ಅಂತಲೇ ನಾನು ಓದುತ್ತೇನೆ.

ಲೊರೆಂಜೊಗೆ ರಾಜಕೀಯ ಬೇಕಿತ್ತು, ಕಾವ್ಯ ಬೇಕಿತ್ತು. ಬರ್ಗಂಡಿಯ ಡ್ಯೂಕನ ಸ್ನೇಹ ಅವನಿಗೂ ಬೇಕಿದ್ದದ್ದೇ. ತೊಮ್ಮಾಸೊ ಆ ಸ್ನೇಹವನ್ನು ತಂದುಕೊಡುತ್ತಿದ್ದ. ಅದರ ಬೆಲೆ ಎಷ್ಟು ಅಂತ ಯಾರೂ ಕೇಳಲಿಲ್ಲ. ಇನ್ನೊಂದು ಮಾತು. ತೊಮ್ಮಾಸೊ ಹಾಕಿದ್ದ ಸ್ವಂತ ದುಡ್ಡು ಕಡಿಮೆ, ಲಾಭದಲ್ಲಿ ಪಾಲು ಜಾಸ್ತಿ. ದುಡಿಯುವ ಪಾಲುದಾರನಿಗೆ ಹುರುಪು ತುಂಬಲು ಮಾಡಿದ್ದ ಈ ಏರ್ಪಾಡು ಬೆಂಚಿಯಂಥ ಕಣ್ಣು ಕಾವಲಿದ್ದಾಗ ಚೆನ್ನಾಗಿ ನಡೆಯಿತು. ಕಾವಲು ಹೋದ ಮೇಲೆ ಅದೇ ಏರ್ಪಾಡು ದೊಡ್ಡ ವ್ಯವಹಾರದ ಆಸೆಗೆ ದಾರಿಯಾಯಿತು.

1478ರಲ್ಲಿ ರಿನಿಯೇರಿ ರಿಕಾಸೊಲಿ ಎಂಬವನನ್ನು ಲೆಕ್ಕ ನೋಡಲು ಬ್ರೂಜ್‌ಗೆ ಕಳಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಪಾತ್ಸಿ ಮನೆತನದ ಪಿತೂರಿಯಲ್ಲಿ ಲೊರೆಂಜೊನ ತಮ್ಮ ಜೂಲಿಯಾನೊ ಚರ್ಚಿನೊಳಗೇ ಕೊಲೆಯಾಗಿದ್ದ. ಪೋಪನ ಜೊತೆ ಯುದ್ಧ ಶುರುವಾಗಿತ್ತು. ದುಡ್ಡು ಅತ್ಯಂತ ಬೇಕಾದ ಹೊತ್ತಿನಲ್ಲಿ ಬ್ರೂಜ್‌ನ ನಿಜಸ್ಥಿತಿ ಹೊರಬಂತು. ಬ್ರೂಜ್ ಮತ್ತು ಲಂಡನ್ ಸೇರಿ ಸುಮಾರು 70,000 ಡುಕಾಟ್ ನಷ್ಟ ಅಂತ ಲೊರೆಂಜೊ ಲೆಕ್ಕ ಹಾಕಿದ. ಮುಂದೆ ಒಪ್ಪಂದ ಬೆಳೆಸಲಿಲ್ಲ. 1480ರ ಹೊತ್ತಿಗೆ ಬ್ರೂಜ್‌ನಲ್ಲಿ ಮೆಡಿಚಿ ಬ್ಯಾಂಕು ಮುಗಿದಿತ್ತು. ಬಾರದ ಸಾಲಗಳ ಬಹುಪಾಲನ್ನು ತೊಮ್ಮಾಸೊನಿಗೇ ಬಿಟ್ಟರು. ಉಳಿದ ಶಾಖೆಗಳೂ ಸೊರಗುತ್ತಾ ಬಂದವು. 1494ರಲ್ಲಿ ಮೆಡಿಚಿಗಳನ್ನು ಫ್ಲಾರೆನ್ಸ್‌ನಿಂದ ಓಡಿಸಿದಾಗ ಬ್ಯಾಂಕೂ ಕೊನೆಯಾಯಿತು.

ಆಸ್ಪತ್ರೆ

ಒಳ್ಳೆಯ ದಿನಗಳಲ್ಲಿ ತೊಮ್ಮಾಸೊ ಹ್ಯೂಗೊ ವಾನ್ ಡೆರ್ ಗೂಸ್ ಎಂಬ ಕಲಾವಿದನಿಂದ ಒಂದು ದೊಡ್ಡ ಚಿತ್ರ ಬರೆಸಿದ್ದ. ಹುಟ್ಟಿದ ಯೇಸುವಿನ ಸುತ್ತ ಒರಟು ಕೈಗಳ ಕುರುಬರು ಬೆರಗಿನಿಂದ ಬಾಗಿದ್ದಾರೆ. ಎರಡು ಪಕ್ಕದಲ್ಲಿ ತೊಮ್ಮಾಸೊ, ಹೆಂಡತಿ ಮರಿಯಾ, ಮಕ್ಕಳು ಮೊಣಕಾಲೂರಿದ್ದಾರೆ. ಅದನ್ನು ಪೂರ್ವಜ ಫೋಲ್ಕೊ ಕಟ್ಟಿಸಿದ ಆಸ್ಪತ್ರೆಯ ಚರ್ಚಿಗೆ ಕೊಡಬೇಕೆಂಬುದು ಅವನ ಆಸೆ. 1483ರಲ್ಲಿ ಆ ಚಿತ್ರ ಸಮುದ್ರದ ದಾರಿಯಲ್ಲಿ ಸಿಸಿಲಿ, ಪೀಸಾ ದಾಟಿ ಫ್ಲಾರೆನ್ಸ್ ತಲುಪಿತು. ಊರ ಬಾಗಿಲಿನಿಂದ ಆಸ್ಪತ್ರೆಯವರೆಗೆ ಹದಿನಾರು ಹಮಾಲರು ಅದನ್ನು ಹೊತ್ತು ತಂದರು. ಅಷ್ಟರಲ್ಲಿ ಬ್ರೂಜ್ ಶಾಖೆ ಮುಚ್ಚಿ ಮೂರು ವರ್ಷವಾಗಿತ್ತು.

ತೊಮ್ಮಾಸೊ 1501ರಲ್ಲಿ ಸತ್ತದ್ದು ಅದೇ ಸಾಂತಾ ಮರಿಯಾ ನುವೊವಾ ಆಸ್ಪತ್ರೆಯಲ್ಲಿ. ಅಪ್ಪನ ಆಸ್ತಿ ತೆಗೆದುಕೊಂಡರೆ ಸಾಲವೂ ತನ್ನ ಪಾಲಿಗೆ ಬರುತ್ತದೆ ಅಂತ ಹೆದರಿ, ಮಗ ಅದನ್ನು ಬೇಡ ಅಂದ.